ಮಗುವಿನ ಓದು ಯಾವ ವಿಭಾಗಕ್ಕೆ ಸೇರಿದ್ದು?

ಮಂಡ್ಯ, ಚಾಮರಾಜನಗರದ ಕಡೆಯ ಶಾಲೆಗಳಲ್ಲಿ ಎರಡನೇ ಮೂರನೇ ತರಗತಿಯ ಮಕ್ಕಳ ನೋಟ್‌ಬುಕ್ ತೆರೆದರೆ ‘ಅಕ್ಕಿ ಮರದ ಮೇಲೆ ಕೂತಿತ್ತು’ ಎಂಬಂಥ ವಾಕ್ಯ ಸಿಗುವುದು ಅಪರೂಪವೇನಲ್ಲ. ಅದರ ಮೇಲೊಂದು ಕೆಂಪು ಗೆರೆ. ಪುಟ ತಿರುವಿದರೆ ಅದೇ ಮಗು ‘ಹಾನೆ ಬಂತು’ ಎಂದು ಬರೆದಿರುತ್ತದೆ. ಅಲ್ಲೂ ಕೆಂಪು ಗೆರೆ. ಮೊದಲನೆಯದರಲ್ಲಿ ಹಕಾರ ಬಿಟ್ಟುಹೋಗಿದೆ, ಎರಡನೆಯದರಲ್ಲಿ ಬೇಡದ ಕಡೆ ಬಂದು ಕೂತಿದೆ. ಶಿಕ್ಷಕಿಯ ಲೆಕ್ಕಕ್ಕೆ ಎರಡು ತಪ್ಪು.

ಇದೇ ಪುಟವನ್ನು ಭಾಷಾವಿಜ್ಞಾನಿಯೊಬ್ಬರ ಕೈಗೆ ಕೊಡಿ. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳ ಮಾತಿನಲ್ಲಿ ಪದದ ಮೊದಲ ಹಕಾರ ಉಳಿದೇ ಇಲ್ಲ, ಮಗು ತಾನಾಡುವ ಮಾತನ್ನು ನಿಷ್ಠೆಯಿಂದ ಬರೆದಿದೆ ಎನ್ನುತ್ತಾರೆ. ಹಳಗನ್ನಡ ಬಲ್ಲವರಿಗೆ ಕೊಟ್ಟರೆ, ಹತ್ತನೇ ಶತಮಾನದ ಆಚೀಚೆ ಶಾಸನಗಳಲ್ಲಿ ಪಕಾರ ಹಕಾರವಾಗುತ್ತ ಬಂದದ್ದನ್ನು ನೆನಪಿಸುತ್ತಾರೆ. ಪಕ್ಕಿ ಹಕ್ಕಿಯಾಯಿತು, ಹಕ್ಕಿ ಈ ಮಗುವಿನ ಬಾಯಲ್ಲಿ ಅಕ್ಕಿಯಾಗಿದೆ. ಸಾವಿರ ವರ್ಷದ ನಡಿಗೆ ಇನ್ನೂ ನಿಂತಿಲ್ಲ. ಮನೋವಿಜ್ಞಾನಿಯ ಕಣ್ಣು ‘ಹಾನೆ’ಯ ಮೇಲೆ ಬೀಳುತ್ತದೆ. ತಾನು ಆಡದ ಸದ್ದೊಂದು ಬರಹದಲ್ಲಿದೆ ಎಂದು ಮಗುವಿಗೆ ಹೊಳೆದಿದೆ, ಎಲ್ಲೆಲ್ಲಿದೆ ಎಂಬುದು ಇನ್ನೂ ತಿಳಿದಿಲ್ಲ, ಅದಕ್ಕೇ ಒಂದು ನಿಯಮ ಕಟ್ಟಿಕೊಂಡು ಪರೀಕ್ಷೆ ಮಾಡುತ್ತಿದೆ. ಸಮಾಜಶಾಸ್ತ್ರ ಓದಿದವರು ಅಕ್ಷರ ಬಿಟ್ಟು ಕೆಂಪು ಗೆರೆಯನ್ನೇ ನೋಡುತ್ತಾರೆ: ಯಾರ ಮನೆಯ ಮಾತು ಶಾಲೆಯಲ್ಲಿ ಸರಿ, ಯಾರ ಮನೆಯದು ತಪ್ಪು?

ನಾಲ್ವರು ಹೇಳಿದ್ದೂ ನಿಜ. ಆದರೆ ಆ ನಾಲ್ವರೂ ಆ ನೋಟ್‌ಬುಕ್ಕನ್ನು ಒಟ್ಟಿಗೆ ಕೂತು ನೋಡುವ ದಿನ ನಮ್ಮಲ್ಲಿ ಬರುವುದೇ ಇಲ್ಲ. ಕೆಂಪು ಗೆರೆ ಎಳೆದ ಶಿಕ್ಷಕಿಗಂತೂ ಅವರಲ್ಲಿ ಒಬ್ಬರ ಮಾತೂ ತಲುಪುವುದಿಲ್ಲ. ಈ ವಾರದ ನನ್ನ ತಕರಾರು ಇಷ್ಟೇ. ಮಗು ಭಾಷೆಯನ್ನು, ಕತೆ-ಕವಿತೆಯನ್ನು, ತನ್ನ ಸುತ್ತಲ ಸಂಸ್ಕೃತಿಯನ್ನು ಹೇಗೆ ಕಲಿಯುತ್ತದೆ ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ಯಾವ ಒಂದು ವಿಭಾಗಕ್ಕೂ ಸೇರಿದ್ದಲ್ಲ. ಯಾರಿಗೂ ಸೇರದ ಪ್ರಶ್ನೆಯಾದ್ದರಿಂದಲೇ ಯಾರೂ ಅದನ್ನು ಪೂರ್ತಿಯಾಗಿ ಎತ್ತಿಕೊಂಡಿಲ್ಲ.

ಇದನ್ನು ಹೇಳುವಾಗ ನನಗೆ ಮೈಸೂರಿನ ಮಾನಸಗಂಗೋತ್ರಿ ನೆನಪಾಗುತ್ತದೆ. ಈ ಪ್ರಶ್ನೆಗೆ ಬೇಕಾದ ವಿದ್ಯೆಗಳೆಲ್ಲ ಇಷ್ಟು ಹತ್ತಿರ ಹತ್ತಿರ ನೆಲೆಸಿರುವ ಇನ್ನೊಂದು ಜಾಗ ದೇಶದಲ್ಲಿ ಸಿಗುವುದು ಕಷ್ಟ. 1969ರಲ್ಲಿ ಡಿ.ಪಿ. ಪಟ್ಟನಾಯಕರ ಮುಂದಾಳತ್ವದಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಅಲ್ಲಿದೆ. ಮಾತು ಬಾರದ, ಕಿವಿ ಕೇಳದ, ಓದು ಹತ್ತದ ಮಕ್ಕಳನ್ನು ದಿನವೂ ನೋಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿದೆ. ಶಿಕ್ಷಕರನ್ನು ತಯಾರು ಮಾಡುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ, ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಎಲ್ಲವೂ ಒಂದೇ ಆವರಣದ ಆಸುಪಾಸಿನಲ್ಲಿವೆ. ಬೆಳಗಿನ ವಾಯುವಿಹಾರಕ್ಕೆ ಹೊರಟವರು ಇವಿಷ್ಟನ್ನೂ ಸುತ್ತಿ ಬರಬಹುದು.

ಹತ್ತಿರವಿದ್ದದ್ದಕ್ಕೆ ಫಲವೇ ಸಿಕ್ಕಿಲ್ಲ ಎಂದರೆ ಅನ್ಯಾಯವಾದೀತು. ಮನೋವಿಜ್ಞಾನದ ಪಿ. ಪ್ರಕಾಶ್, ವಾಕ್ ಚಿಕಿತ್ಸೆಯ ಪ್ರತಿಭಾ ಕಾರಂತ ಮತ್ತು ಅವರ ಜೊತೆಗಾರರು 1990ರ ದಶಕದ ಆರಂಭದಲ್ಲೇ ಕನ್ನಡ ಓದುಗರ ಬಗ್ಗೆ ಒಂದು ದೊಡ್ಡ ಮಾತು ಹೇಳಿದರು. ಓದಲು ಬರಬೇಕಾದರೆ ಪದವನ್ನು ಬಿಡಿ ಬಿಡಿ ಧ್ವನಿಗಳಾಗಿ ಒಡೆಯುವ ಜಾಣ್ಮೆ ಬೇಕೇ ಬೇಕು ಎಂಬುದು ಇಂಗ್ಲಿಷಿನ ಮೇಲೆ ನಿಂತ ಸಿದ್ಧಾಂತ. ಕನ್ನಡ ಮಾತ್ರ ಬಲ್ಲ ಒಳ್ಳೆಯ ಓದುಗರಿಗೆ ಆ ಪರೀಕ್ಷೆ ಕೊಟ್ಟಾಗ ಅವರು ತಡವರಿಸಿದರು, ಆದರೆ ಓದಿನಲ್ಲಿ ತಡವರಿಸಲಿಲ್ಲ. ಅಂದರೆ ಆ ಜಾಣ್ಮೆ ಬಹುಮಟ್ಟಿಗೆ ಲಿಪಿಯಿಂದಲೇ ಬರುವಂಥದ್ದು. ಈ ವಿಷಯ ಮನೋವಿಜ್ಞಾನಿ ಒಬ್ಬರೇ ಕೂತಿದ್ದರೆ ಹೊಳೆಯುತ್ತಿರಲಿಲ್ಲ, ವಾಕ್ ತಜ್ಞೆ ಒಬ್ಬರೇ ಇದ್ದಿದ್ದರೂ ಇಲ್ಲ.

ನಮ್ಮ ಲಿಪಿಯನ್ನು ಒಂದು ಕ್ಷಣ ಮಗುವಿನ ಕಣ್ಣಿಂದ ನೋಡೋಣ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ 13 ಸ್ವರ ಸೇರಿಸಿ ಕಾಗುಣಿತ ಬರೆದರೆ ರೂಪಗಳು 440 ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ಅಲ್ಲಿಗೂ ಮುಗಿಯಲಿಲ್ಲ. ‘ಆಸ್ತಿ’ ಎಂಬ ಪದದಲ್ಲಿ ಇಕಾರದ ಸದ್ದು ಕೇಳುವುದು ತಕಾರದ ನಂತರ, ಆದರೆ ಗುಡಿಸು ಕೂತಿರುವುದು ಸಕಾರದ ಮೇಲೆ. ಮಗು ‘ಆಸಿತ’ ಎಂದು ಓದಿದರೆ ಅದು ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಓದಿದೆ. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ರಕಾರ, ಪುಟದ ಮೇಲೆ ಅರ್ಕಾವತ್ತಾಗಿ ಯಕಾರದ ಆಚೆ ನಿಂತಿದೆ. ದೊಡ್ಡವರಾದ ನಮಗೆ ಇದು ಕಾಣುವುದೇ ಇಲ್ಲ, ಅಷ್ಟು ರೂಢಿಯಾಗಿದೆ. ಆರು ವರ್ಷದ ಮಗುವಿಗೆ ಇದು ದಿನದಿನದ ಒಗಟು.

ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್‌ನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆದು ತೋರಿಸಿತು. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಒಂದೆರಡು ವರ್ಷದಲ್ಲಿ ಕಲಿತು ಮುಗಿಸಿದರೆ, ಕನ್ನಡದ ಅಕ್ಷರಗಳ ಕಲಿಕೆ ಮೂರನೇ, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಅದು ಮಗುವಿನ ದಡ್ಡತನವೂ ಅಲ್ಲ, ಶಿಕ್ಷಕರ ಸೋಮಾರಿತನವೂ ಅಲ್ಲ, ಲಿಪಿ ಬೇಡುವ ಸಮಯವೇ ಅಷ್ಟು. ಮರುವರ್ಷ, 2008ರಲ್ಲಿ, ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಡೇವಿಡ್ ಶೇರ್ ಬರೆದ ಲೇಖನವೊಂದು ಜಗತ್ತಿನ ಓದು-ಸಂಶೋಧನೆಯನ್ನೇ ತರಾಟೆಗೆ ತೆಗೆದುಕೊಂಡಿತು. ಇಂಗ್ಲಿಷಿನ ಕಾಗುಣಿತ ಜಗತ್ತಿನ ಲಿಪಿಗಳ ನಡುವೆ ತೀರಾ ವಿಲಕ್ಷಣವಾದದ್ದು, ಅದರ ಮೇಲೆ ಕಟ್ಟಿದ ಸಿದ್ಧಾಂತವನ್ನು ಎಲ್ಲ ಮಕ್ಕಳ ಮೇಲೂ ಹೇರುತ್ತಿದ್ದೇವೆ ಎಂಬುದು ಅದರ ಸಾರ.

ಇದು ಬರೀ ಪಂಡಿತರ ಜಗಳ ಎಂದುಕೊಳ್ಳಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಯೋಜನೆ ತಂದಾಗ ಎರಡನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದ, ಮೂರನೇ ತರಗತಿಯ ಮಗು 60 ಪದವಾದರೂ ಓದಬೇಕು ಎಂದು ಗುರಿ ಇಟ್ಟಿತು. ಕೇಳಲು ಸರಳವಾಗಿದೆ. ಆದರೆ ಕನ್ನಡದಲ್ಲಿ ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದು ಒಂದೇ ಪದ. ಅಷ್ಟೇ ಅರ್ಥಕ್ಕೆ ಹಿಂದಿಯಲ್ಲಿ ಐದಾರು ಪದ ಬೇಕು. ಒಂದೇ ಗಡಿಯಾರದಲ್ಲಿ ಇಬ್ಬರು ಮಕ್ಕಳನ್ನೂ ಅಳೆದರೆ ಕನ್ನಡದ ಮಗು ನಿಧಾನವಾಗಿಯೇ ಕಾಣುತ್ತದೆ. ವ್ಯಾಕರಣ ಬಲ್ಲ ಯಾರನ್ನು ಕೇಳಿದ್ದರೂ ಅರ್ಧ ನಿಮಿಷದಲ್ಲಿ ಇದನ್ನು ಹೇಳುತ್ತಿದ್ದರು. 2022ರಲ್ಲಿ ಎನ್‌ಸಿಇಆರ್‌ಟಿ ನಡೆಸಿದ ಬುನಾದಿ ಕಲಿಕೆಯ ಸಮೀಕ್ಷೆ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಹುಡುಕಿತು ಎಂಬುದು ಸಮಾಧಾನದ ಸಂಗತಿ. ಭಾಷೆ ಬಲ್ಲವರೂ ಅಳತೆ ಬಲ್ಲವರೂ ಮೊದಲ ದಿನವೇ ಒಂದೇ ಮೇಜಿನ ಸುತ್ತ ಕೂತಿದ್ದರೆ ಆ ನಡುವಿನ ಗೊಂದಲ ತಪ್ಪುತ್ತಿತ್ತು.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ವಿಧಾನದ ಕತೆಯನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದು, ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. ಅಆಇಈ ಎಂದು ಸಾಲಾಗಿ ಕಲಿಸುವುದನ್ನು ಬಿಟ್ಟು ‘ರಗಸದಅ’ದಿಂದ ಶುರು ಮಾಡಿದರು. ಅಜ್ಜಂದಿರು ಹುಬ್ಬು ಗಂಟಿಕ್ಕಿದರು. ಆದರೆ ಈ ಐದು ಅಕ್ಷರ ಕಲಿತ ವಾರದಲ್ಲೇ ಮಗು ಸರ, ಅರಸ, ಗರಗಸ ಓದಬಲ್ಲದು. ಅಆಇಈ ಕಲಿತ ಮಗು ಇಡೀ ಸ್ವರಮಾಲೆ ಮುಗಿಸಿದರೂ ಓದಲು ಪದವೇ ಸಿಗದೆ ಕಾಯಬೇಕು. ಬರೆಯುವ ಕೈಗೆ ಯಾವ ಅಕ್ಷರ ಸುಲಭ, ಯಾವುದರ ಆಕಾರ ಯಾವುದನ್ನು ಹೋಲುತ್ತದೆ, ಯಾವ ಅಕ್ಷರದಿಂದ ಹೆಚ್ಚು ಪದ ಕಟ್ಟಬಹುದು ಎಂಬುದನ್ನೆಲ್ಲ ಕೂಡಿಸಿ ಯೋಚಿಸಿದರೆ ಮಾತ್ರ ಇಂಥ ಅನುಕ್ರಮ ಹುಟ್ಟುತ್ತದೆ. ಪಂಡಿತರ ಸಮಿತಿಯಿಂದ ಆಗದ ಕೆಲಸವನ್ನು ತಾಲ್ಲೂಕಿನ ಶಿಕ್ಷಕರು ಮಾಡಿದರು.

ಅಷ್ಟಾದರೂ ಓದು ಏಕೆ ಹತ್ತುತ್ತಿಲ್ಲ? ಈ ಪ್ರಶ್ನೆ ಹಿಡಿದು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶೈಲಜಾ ಮೆನನ್ ಮತ್ತು ಸಂಗಡಿಗರು, ಟಾಟಾ ಟ್ರಸ್ಟ್ಸ್ ಜೊತೆಗೂಡಿ, ಕನ್ನಡಕ್ಕೆ ಯಾದಗಿರಿಯನ್ನೂ ಮರಾಠಿಗೆ ಮಹಾರಾಷ್ಟ್ರದ ಪಾಲ್ಘರನ್ನೂ ಆರಿಸಿಕೊಂಡು, ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದರು. 2017ರಲ್ಲಿ ವರದಿ ಬಂತು. ಅಳೆಯುವುದು, ತರಗತಿಯಲ್ಲಿ ಕೂತು ನೋಡುವುದು, ಪಠ್ಯಪುಸ್ತಕ ಬಿಚ್ಚಿ ಪರಿಶೀಲಿಸುವುದು, ಶಿಕ್ಷಕರ ಜೊತೆ ಮಾತಾಡುವುದು, ಎಲ್ಲವೂ ಒಂದೇ ಅಧ್ಯಯನದಲ್ಲಿ ಸೇರಿತ್ತು. ಅವರು ಕಂಡದ್ದರಲ್ಲಿ ನನಗೆ ತುಂಬ ನಾಟಿದ್ದು ಇದು: ಬಿಡಿ ಅಕ್ಷರ ಗುರುತಿಸುವ ಎಷ್ಟೋ ಮಕ್ಕಳು ಅವನ್ನು ಕೂಡಿಸಿ ಪದ ಓದಲು ಸೋಲುತ್ತಿದ್ದರು, ತರಗತಿಯಲ್ಲಿ ಅರ್ಥದ ಬಗ್ಗೆ ಮಾತು ತೀರಾ ಕಡಿಮೆ ಇತ್ತು, ಕತೆಪುಸ್ತಕಗಳ ಒಡನಾಟ ಅದಕ್ಕಿಂತ ಕಡಿಮೆ. ಅಂದರೆ ಅಕ್ಷರದ ಸಮಸ್ಯೆ ಎಂದು ನಾವು ಕರೆಯುವುದರ ಒಂದು ಭಾಗ ಸಾಹಿತ್ಯದ ಸಮಸ್ಯೆ.

ಅದಕ್ಕೆ ಬರುವ ಮೊದಲು ಮನೆಮಾತಿನದು ಒಂದು ಮಾತು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕನ್ನಡ ಮಾತೃಭಾಷೆ ಎಂದವರು ಸುಮಾರು ಮೂರನೇ ಎರಡು ಭಾಗ. ಉಳಿದ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ, ಲಂಬಾಣಿ, ಬ್ಯಾರಿ. ತಾಂಡಾದಿಂದ ಬಂದ ಮಗುವಿಗೆ ಶಾಲೆಯ ಮೊದಲ ದಿನ ಕನ್ನಡವೇ ಹೊಸ ಭಾಷೆ. ಕಲಬುರಗಿಯ ಕನ್ನಡದ ಮನೆಯ ಮಗುವಿಗೂ ಪಠ್ಯಪುಸ್ತಕದ ಕನ್ನಡ ಅರ್ಧ ಹೊಸದು. ಈ ಎರಡೂ ಮಕ್ಕಳಿಗೆ ಒಂದೇ ಪರೀಕ್ಷೆ ಕೊಟ್ಟು, ಒಂದೇ ಪಟ್ಟಿಯಲ್ಲಿ ಅಂಕ ಹಾಕಿ, ರಾಜ್ಯದ ಮಕ್ಕಳಿಗೆ ಓದು ಬರುವುದಿಲ್ಲ ಎಂದು ವರ್ಷಕ್ಕೊಮ್ಮೆ ಗೋಳಾಡಿದರೆ ಕಾರಣ ಸಿಗುವುದು ಹೇಗೆ?

ಇನ್ನು ಸಾಹಿತ್ಯ. ಶಾಲೆಯಲ್ಲಿ ಕವಿತೆಯೊಂದು ಬಂದರೆ ಅದರ ಗತಿ ನಮಗೆಲ್ಲ ಗೊತ್ತು: ಕವಿ ಪರಿಚಯ, ಪದಗಳ ಅರ್ಥ, ಸಾರಾಂಶ, ಬಿಟ್ಟ ಸ್ಥಳ ತುಂಬಿ, ಕಂಠಪಾಠ. ಮಗು ಆ ಕವಿತೆಯನ್ನು ಕೇಳಿದಾಗ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳುವ ವಿದ್ಯೆ ನಮ್ಮಲ್ಲಿ ಇರಲಿಲ್ಲವೇ? ಪಂಜೆ ಮಂಗೇಶರಾಯರು ಶಾಲೆಗಳ ಇನ್ಸ್‌ಪೆಕ್ಟರಾಗಿ, ಹೆಡ್‌ಮಾಸ್ಟರಾಗಿ ದುಡಿಯುತ್ತಲೇ ಮಕ್ಕಳಿಗಾಗಿ ಕವಿತೆ ಕತೆ ಬರೆದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳ ಜೊತೆ ಪ್ರಯೋಗ ಮಾಡಿದರು, ಜೊತೆಗೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಜಿ.ಪಿ. ರಾಜರತ್ನಂ ಬೌದ್ಧ ಸಾಹಿತ್ಯದ ವಿದ್ವಾಂಸರೂ ಹೌದು, ಮಕ್ಕಳ ನಾಲಿಗೆಯ ಮೇಲೆ ಇಂದಿಗೂ ಉಳಿದ ಕವಿಯೂ ಹೌದು. ಇವರು ಯಾರೂ ತಮ್ಮನ್ನು ಯಾವ ವಿಭಾಗದವರೆಂದು ಕೇಳಿಕೊಳ್ಳಲಿಲ್ಲ. ಮಗು ಎದುರಿಗಿತ್ತು, ಅದಕ್ಕೆ ಬೇಕಾದದ್ದನ್ನು ಮಾಡಿದರು.

ಎ.ಕೆ. ರಾಮಾನುಜನ್ ಅವರನ್ನು ಇಲ್ಲಿ ನೆನೆಯಲೇಬೇಕು. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿ, ಅಮೆರಿಕದ ಇಂಡಿಯಾನಾದಲ್ಲಿ ಭಾಷಾವಿಜ್ಞಾನದ ಡಾಕ್ಟರೇಟ್ ಪಡೆದು, ಶಿಕಾಗೊದಲ್ಲಿ ನೆಲೆ ನಿಂತ ಅವರು, ಅಡುಗೆಮನೆಯಲ್ಲಿ ಹೆಂಗಸರು ಮಕ್ಕಳಿಗೆ ಹೇಳುವ ಕತೆಗಳನ್ನು ಸಂಗ್ರಹಿಸಿದರು. ಗಂಡಸರು ಊರ ಕಟ್ಟೆಯಲ್ಲಿ ಹೇಳುವ ಕತೆಗೂ ಅಜ್ಜಿ ಒಲೆಯ ಮುಂದೆ ಹೇಳುವ ಕತೆಗೂ ಇರುವ ವ್ಯತ್ಯಾಸವನ್ನು ಅವರು ಹಿಡಿದರು. ಮಗನನ್ನೇ ಗೊತ್ತಿಲ್ಲದೆ ಮದುವೆಯಾದ ತಾಯಿಯ ಕತೆ ಗ್ರೀಸಿನಲ್ಲಿ ಮಗನ ದುರಂತವಾಗಿದೆ. ಉತ್ತರ ಕರ್ನಾಟಕದಲ್ಲಿ ಅವರು ಕೇಳಿದ ಕನ್ನಡದ ಕತೆಯಲ್ಲಿ ಅದು ತಾಯಿಯ ದುರಂತ. ಇದನ್ನು ಕಾಣಲು ಮನೋವಿಶ್ಲೇಷಣೆಯೂ ಗೊತ್ತಿರಬೇಕು, ಜಾನಪದವೂ ಗೊತ್ತಿರಬೇಕು, ಕತೆ ಹೇಳುವಾಕೆ ಎಲ್ಲಿ ಉಸಿರೆಳೆದುಕೊಂಡಳು ಎಂದು ಕೇಳುವ ಕವಿಯ ಕಿವಿಯೂ ಇರಬೇಕು. ಶಾಲೆಗೆ ಬರುವ ಮುಂಚೆಯೇ ಮಗು ಕತೆಯ ವ್ಯಾಕರಣ ಕಲಿತಿರುತ್ತದೆ, ಕಲಿಸಿದವಳು ಅಜ್ಜಿ. ನಮ್ಮ ಪಠ್ಯಕ್ರಮ ಆ ಅಜ್ಜಿಯನ್ನು ಸಂಪನ್ಮೂಲ ವ್ಯಕ್ತಿಯೆಂದು ಇನ್ನೂ ಒಪ್ಪಿಲ್ಲ.

ಸಂಸ್ಕೃತಿಯ ಕಲಿಕೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ನಮ್ಮ ನೆಲದಲ್ಲೇ ನಡೆದ ಒಂದು ಕೆಲಸ ನನ್ನನ್ನು ಬಿಡದೆ ಕಾಡುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ರೈತ ಗೋಪಾಲ ನಾಯ್ಕರು ತುಳುವಿನ ಸಿರಿ ಪಾಡ್ದನವನ್ನು, ಅಂದರೆ ಸಿರಿಯೆಂಬ ಹೆಣ್ಣಿನ ಕತೆಯ ಹಾಡನ್ನು, ಹಾಡುತ್ತಿದ್ದವರು. 1990ರ ಡಿಸೆಂಬರಿನಲ್ಲಿ ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಆನೆಲಿ ಹೊಂಕೊ, ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರು ಕೂತು ಕೇಳಿದರು. ನಾಯ್ಕರು ದಿನಗಟ್ಟಲೆ ಹಾಡಿದರು. ಧ್ವನಿ, ಚಿತ್ರ ಎರಡನ್ನೂ ದಾಖಲಿಸಿ, ತುಳುವಿನಲ್ಲಿ ಬರೆದಿಳಿಸಿ, ಇಂಗ್ಲಿಷಿಗೆ ಅನುವಾದಿಸಿ, 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸುವ ಹೊತ್ತಿಗೆ ಅದು 15,683 ಸಾಲುಗಳ ಮಹಾಕಾವ್ಯವಾಗಿ ನಿಂತಿತ್ತು.

ಸಾಲು ಎಲ್ಲಿ ಮುರಿಯಬೇಕು? ಈ ಒಂದು ಪ್ರಶ್ನೆಗೇ ಸಂಗೀತ, ತುಳು ವ್ಯಾಕರಣ, ಛಂದಸ್ಸು ಮೂರೂ ಬೇಕಾಯಿತು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಇಷ್ಟು ಸಾಲುಗಳನ್ನು ನಾಯ್ಕರು ಕಲಿತದ್ದು ಹೇಗೆ? ಬಾಯಿಪಾಠವಂತೂ ಅಲ್ಲ. ಅದೇ ಕತೆಯನ್ನು ಗದ್ದೆಯಲ್ಲಿ ನೇಜಿ ನೆಡುವಾಗ ಒಂದು ಅಳತೆಗೆ, ಆರಾಧನೆಯಲ್ಲಿ ಇನ್ನೊಂದು ಅಳತೆಗೆ, ಕೇಳುವವರು ಬಿಡುವಾಗಿ ಕೂತಾಗ ಮತ್ತೊಂದು ಅಳತೆಗೆ ಅವರು ಹಾಡಬಲ್ಲವರಾಗಿದ್ದರು. ಹೊಂಕೊ ಇದಕ್ಕೆ ಕೊಟ್ಟ ವಿವರಣೆ ಎಂದರೆ, ಹಾಡುಗಾರರ ಮನಸ್ಸಿನೊಳಗೊಂದು ಪಠ್ಯ ಇರುತ್ತದೆ. ಕತೆಯ ಎಳೆಗಳು, ಮತ್ತೆ ಮತ್ತೆ ಬರುವ ನುಡಿಗಟ್ಟುಗಳು, ಸಂದರ್ಭಕ್ಕೆ ತಕ್ಕ ನಿಯಮಗಳು ಸೇರಿ ಆದ ಪಠ್ಯ. ಪ್ರತಿ ಸಲ ಹಾಡುವಾಗಲೂ ಅದರಿಂದ ಹೊಸದಾಗಿ ಕಾವ್ಯ ಹುಟ್ಟುತ್ತದೆ. ನೆನಪಿನ ಬಗ್ಗೆ ಸಂಶೋಧನೆ ಮಾಡುವವರಿಗೆ, ಕಾವ್ಯಮೀಮಾಂಸೆ ಓದುವವರಿಗೆ, ಪಾಠ ಮಾಡುವವರಿಗೆ ಮೂವರಿಗೂ ಇದು ಬೇಕಾದ ಮಾತು. ಕಂಠಪಾಠಕ್ಕೂ ಕಲಿಕೆಗೂ ಇರುವ ದೂರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೂ ಇದೆ. ಸಿರಿ ಜಾತ್ರೆಯ ರಾತ್ರಿ ಮನೆಯೊಳಗಿನ ದುಃಖ ಹೊತ್ತು ಬಂದ ಹೆಂಗಸರು ಆವೇಶದಲ್ಲಿ ಸಿರಿಯಾಗಿ, ಅವಳ ವಂಶದ ಹೆಣ್ಣುಗಳಾಗಿ ಮಾತಾಡುತ್ತಾರೆ. ಸಿರಿಯ ಮಗ ಕುಮಾರನ ಪಾತ್ರದಲ್ಲಿ ನಿಂತವರು ಅವರನ್ನು ಮಾತಿಗೆಳೆದು ದಾರಿ ತೋರಿಸುತ್ತಾರೆ. ಹೊಸದಾಗಿ ಬಂದವಳು ಮೊದಲು ಬರೀ ಅಳುತ್ತಾಳೆ, ನಡುಗುತ್ತಾಳೆ. ಬರಬರುತ್ತ ತನ್ನ ಸಂಕಟವನ್ನು ಸಿರಿಯ ಕತೆಯ ಮಾತುಗಳಲ್ಲಿ ಹೇಳಲು ಕಲಿಯುತ್ತಾಳೆ. ಭಾಷೆ, ಕಾವ್ಯ, ಸಂಸ್ಕೃತಿ ಮೂರನ್ನೂ ಒಂದೇ ಸಲ ಕಲಿಯುವುದೆಂದರೆ ಇದು. ಇದನ್ನು ಬರೀ ಧರ್ಮದ ಅಧ್ಯಯನ ಎಂದೋ, ಮನೋರೋಗದ ಅಧ್ಯಯನ ಎಂದೋ ಒಂದು ಕೋಣೆಗೆ ತಳ್ಳಿದರೆ ಉಳಿದದ್ದೆಲ್ಲ ಕೈತಪ್ಪುತ್ತದೆ.

ಬಹುಶಿಸ್ತೀಯ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಈ ಮಟ್ಟದ್ದಲ್ಲ ಎಂಬುದನ್ನೂ ಹೇಳಬೇಕು. ಐದು ವಿಭಾಗದವರು ಒಂದು ವಿಚಾರ ಸಂಕಿರಣಕ್ಕೆ ಬಂದು, ಐದು ಪ್ರಬಂಧ ಓದಿ, ಊಟ ಮಾಡಿ ಹೊರಟರೆ ಅವರು ಜೊತೆಗೆ ಕೆಲಸ ಮಾಡಿದಂತಾಗಲಿಲ್ಲ. ಒಬ್ಬರ ಪ್ರಶ್ನೆಯಿಂದ ಇನ್ನೊಬ್ಬರ ವಿಧಾನ ಬದಲಾಗಬೇಕು; ಅದೇ ಪರೀಕ್ಷೆ. ಹಾಗೆಯೇ ಆಳವಿಲ್ಲದೆ ಅಗಲಕ್ಕೆ ಹೋದರೆ ಅಪಾಯವೂ ಇದೆ. ಶಂ.ಬಾ. ಜೋಶಿಯವರು ಧಾರವಾಡದ ಶಾಲಾ ಶಿಕ್ಷಕರಾಗಿದ್ದುಕೊಂಡೇ ಸ್ಥಳನಾಮ, ಪುರಾಣ, ಶಾಸನ, ಜನಾಂಗ ಅಧ್ಯಯನಗಳನ್ನೆಲ್ಲ ಬೆಸೆದು ಕನ್ನಡದ ಹುಟ್ಟನ್ನು ಹುಡುಕಿದರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಪದನಿಷ್ಪತ್ತಿಗಳಲ್ಲಿ ಹಲವನ್ನು ಮುಂದಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಆದರೂ ಅವರು ಎತ್ತಿದ ಪ್ರಶ್ನೆಗಳು ಸತ್ತಿಲ್ಲ. ಪಕ್ಕದಲ್ಲಿ ಕೂತು ಅವರ ಜೊತೆ ಜಗಳವಾಡುವ ಒಬ್ಬ ಭಾಷಾವಿಜ್ಞಾನಿ ಆ ಕಾಲದಲ್ಲೇ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಡಿ.ಎನ್. ಶಂಕರ ಭಟ್ಟರ ವಿಚಾರದಲ್ಲೂ ಹೀಗೇ. ಮಹಾಪ್ರಾಣಗಳು ಕನ್ನಡಿಗರ ಬಾಯಲ್ಲಿಲ್ಲ, ಬರಹದಲ್ಲಿ ಮಾತ್ರ ಏಕಿರಬೇಕು ಎಂದು ಅವರು ಕೇಳಿದರು. ಸಾಹಿತ್ಯ ವಲಯ ಸಿಟ್ಟಾಯಿತು, ಅಭಿಮಾನಿಗಳು ಹಿಗ್ಗಿದರು. ಪರ ವಿರೋಧದ ಬರಹಗಳಿಗೆ ಲೆಕ್ಕವಿಲ್ಲ. ಆದರೆ ಮಹಾಪ್ರಾಣ ಕಲಿಯಲು ಮಗುವಿಗೆ ನಿಜವಾಗಿ ಎಷ್ಟು ಕಾಲ ಬೇಕು, ತಡವಾಗಿ ಕಲಿಸಿದರೆ ಓದಿನ ವೇಗ ಏನಾಗುತ್ತದೆ, ಹಳೆಯ ಸಾಹಿತ್ಯ ಅದಕ್ಕೆ ದೂರವಾಗುತ್ತದೆಯೇ ಎಂಬುದನ್ನು ತರಗತಿಯಲ್ಲಿ ಕೂತು ನೋಡಿ ಮಾತಾಡಿದವರು ಬಹಳ ಕಡಿಮೆ. ಇಷ್ಟು ದೊಡ್ಡ ಜಗಳದಲ್ಲಿ ಮಗುವಿನ ಸಾಕ್ಷ್ಯವನ್ನೇ ನಾವು ಕೇಳಲಿಲ್ಲ.

ನಾಗರಿಕರಾಗಿ ನಾವು ಏನು ಕೇಳಬಹುದು? ದೊಡ್ಡ ಕಟ್ಟಡ ಬೇಡ, ಹೊಸ ಪ್ರಾಧಿಕಾರವೂ ಬೇಡ. ಮೈಸೂರಿನ ಆ ಆವರಣದಿಂದ ಅರ್ಧ ಗಂಟೆಯ ದಾರಿಯಲ್ಲಿರುವ ನಾಲ್ಕೈದು ಸರ್ಕಾರಿ ಶಾಲೆಗಳು ಸಾಕು. ಭಾಷೆ, ಮನಸ್ಸು, ವಾಕ್ ಶ್ರವಣ, ಸಾಹಿತ್ಯ, ಜಾನಪದ ಬಲ್ಲ ಒಬ್ಬೊಬ್ಬರು ವಾರಕ್ಕೊಂದು ದಿನ ಒಂದೇ ತರಗತಿಯ ಹಿಂಬದಿಯ ಬೆಂಚಿನಲ್ಲಿ ಕೂರಲಿ. ಮೊದಲ ವರ್ಷ ಪ್ರಬಂಧ ಬರೆಯುವುದೇ ಬೇಡ, ನೋಡಲಿ, ಮಧ್ಯಾಹ್ನ ಶಿಕ್ಷಕಿಯ ಜೊತೆ ಮಾತಾಡಲಿ. ಜಿಲ್ಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್‌ಗಳಿವೆ, ಅದೇ ಕೆಲಸವನ್ನು ಯಾದಗಿರಿಯಲ್ಲಿ, ಬೆಳ್ತಂಗಡಿಯಲ್ಲಿ, ಎಚ್.ಡಿ. ಕೋಟೆಯಲ್ಲಿ ಅಲ್ಲಲ್ಲಿನ ಮಾತಿಗೆ ತಕ್ಕಂತೆ ಎತ್ತಿಕೊಳ್ಳಲಿ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳು ಬರುತ್ತಿದ್ದಾರೆ. ಯಾವ ಪುಸ್ತಕ ಹರಿದು ಹೋಗುವಷ್ಟು ಓದಿಸಿಕೊಳ್ಳುತ್ತದೆ, ಯಾವುದು ಮುಟ್ಟದೆ ಉಳಿಯುತ್ತದೆ ಎಂದು ಅಲ್ಲಿನ ಮೇಲ್ವಿಚಾರಕರಿಗೆ ಗೊತ್ತು. ಅವರನ್ನು ಯಾವ ಕನ್ನಡ ವಿಭಾಗವಾದರೂ ಕರೆದು ಕೇಳಿದ್ದುಂಟೇ?

ಪಿಎಚ್.ಡಿ. ನಿಯಮಗಳೂ ಸ್ವಲ್ಪ ಸಡಿಲವಾಗಬೇಕು. ಕನ್ನಡ ಎಂ.ಎ. ಮಾಡಿದ ಹುಡುಗಿಯೊಬ್ಬಳು ಒಂದನೇ ತರಗತಿಯ ಮಕ್ಕಳು ಕತೆಯನ್ನು ಹೇಗೆ ಮರುಹೇಳುತ್ತಾರೆ ಎಂಬ ವಿಷಯ ಆರಿಸಿಕೊಂಡರೆ, ಇದು ಶಿಕ್ಷಣ ವಿಭಾಗದ್ದು ಎಂದು ಒಂದು ಕಡೆ, ಇದು ಸಾಹಿತ್ಯದ್ದು ಎಂದು ಇನ್ನೊಂದು ಕಡೆ ವಾಪಸು ಕಳಿಸುವ ಪದ್ಧತಿ ನಿಲ್ಲಬೇಕು. ಇಬ್ಬರು ಮಾರ್ಗದರ್ಶಕರು, ಎರಡು ವಿಭಾಗದಿಂದ, ಇರಲಿ. ವಾಕ್ ಶ್ರವಣ ಸಂಸ್ಥೆಯಲ್ಲಿ ಓದುವವರು ಒಂದು ಅವಧಿ ಜಾನಪದ ಕಲಿಯಲಿ; ಅವರ ಮುಂದೆ ಬರುವ ಮಗುವಿನ ಮಾತನ್ನು ಅಳೆಯಲು ಅದರ ಊರಿನ ಮಾತು ಗೊತ್ತಿರಬೇಕು.

ಕೊನೆಯದಾಗಿ ಒಂದು ಬೇಡಿಕೆಯನ್ನು ಬಿಡಲಾರೆ. ಹೆಲ್ಸಿಂಕಿಯಲ್ಲಿ ಅಚ್ಚಾದ ಸಿರಿ ಕಾವ್ಯದ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಅದು ಅವರು ಹಾಡಿದ ಸಿರಿ ಎಂದು ಮುಖಪುಟವೇ ಹೇಳುತ್ತದೆ. ನಮ್ಮ ಶಾಲೆಗಳಲ್ಲಿ ಸಂಶೋಧನೆ ನಡೆದಾಗ ಶಿಕ್ಷಕರು ‘ಮಾಹಿತಿದಾರರು’ ಎಂಬ ಸಾಲಿಗೆ ಇಳಿಯುತ್ತಾರೆ, ಹೆಸರು ಕೃತಜ್ಞತೆಯ ಪುಟದಲ್ಲಿ ಬಂದರೆ ಅದೇ ಹೆಚ್ಚು. ‘ರಗಸದಅ’ ಕಟ್ಟಿದ ಶಿಕ್ಷಕರು ಯಾರೆಂದು ಇಂದು ಅದನ್ನು ಕಲಿಸುವವರಿಗೇ ಗೊತ್ತಿಲ್ಲ. ಮುಂದೆ ಇಂಥ ಅಧ್ಯಯನಕ್ಕೆ ಸಾರ್ವಜನಿಕ ಹಣ ಕೊಡುವವರು ಒಂದು ಷರತ್ತು ಹಾಕಲಿ: ತರಗತಿ ಯಾರದ್ದೋ ಆ ಶಿಕ್ಷಕಿಯ ಹೆಸರು, ಅವರು ಒಪ್ಪಿದರೆ, ಲೇಖಕರ ಸಾಲಿನಲ್ಲೇ ಇರಬೇಕು, ವರದಿ ಮೊದಲು ಕನ್ನಡದಲ್ಲಿ ಅವರ ಕೈಗೆ ತಲುಪಬೇಕು, ಅವರ ಆಕ್ಷೇಪಗಳು ಅದರಲ್ಲೇ ಅಚ್ಚಾಗಬೇಕು.